ಜುಲೈ ಬಂದರೆ ಫೋನು ಶುರು

ಜುಲೈ ಬಂತೆಂದರೆ ನನಗೆ ಟಿವಿಯವರ ಫೋನು ಶುರುವಾಗುತ್ತದೆ. ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು 2024ರ ಜುಲೈ 16ಕ್ಕೆ. ಹೆದ್ದಾರಿ ಬದಿಯ ಚಹಾದಂಗಡಿ ಮಣ್ಣಿನ ಜೊತೆ ಗಂಗಾವಳಿ ನದಿಗೆ ಹೋಯಿತು. ನಾನು ಈ ಕಡೆ ಕೌನ್ಸೆಲಿಂಗ್ ಮಾಡುವವಳು ಅಂತ ಅವರಿಗೆ ಗೊತ್ತು. "ಮೇಡಂ, ನಿಮ್ಮ ಹತ್ರ ಬರುವವರು ಯಾರಾದ್ರೂ ಮಾತಾಡ್ತಾರಾ? ಮುಖ ಬ್ಲರ್ ಮಾಡ್ತೇವೆ." ನಮ್ಮೂರಲ್ಲಿ ದನಿ ಕೇಳಿದರೇ ಯಾರ ಮನೆಯವರು ಅಂತ ಗೊತ್ತಾಗುತ್ತದೆ, ಮುಖ ಯಾಕೆ ಬೇಕು?

ಆಗಲ್ಲ ಅಂದರೆ, "ಒಂದ್ಸಲ ಕೇಳಿ ನೋಡಿ, ಬೇಡ ಅಂದ್ರೆ ಬಿಟ್ಬಿಡಿ" ಅನ್ನುತ್ತಾರೆ. ಕೇಳುವುದೇ ತಪ್ಪು ಅನ್ನುವುದು ನನ್ನ ಲೆಕ್ಕ. ಕಷ್ಟದಲ್ಲಿ ಜೊತೆ ಕೂತವಳು ಕೇಳಿದರೆ ಯಾರು ಬೇಡ ಅನ್ನುತ್ತಾರೆ? ದಾಕ್ಷಿಣ್ಯಕ್ಕೆ ಹೂಂ ಅನ್ನುತ್ತಾರೆ, ರಾತ್ರಿ ನಿದ್ದೆ ಬರುವುದಿಲ್ಲ.

ಮೈಕಿನವರನ್ನು ಬಯ್ಯುವುದು ಸುಲಭ. ನಮ್ಮ ಕಸುಬಿನವರೂ ಕಮ್ಮಿ ಇಲ್ಲ. ಕಾಳಜಿ ಕೇಂದ್ರಕ್ಕೆ ಬಂದವರೇ ನೋಟ್‌ಬುಕ್ ತೆಗೆದು "ಏನಾಯ್ತು, ಮೊದಲಿಂದ ಹೇಳಿ" ಅಂತ ಕೂರುತ್ತಾರೆ. ಅತ್ತರೆ ಹಗುರಾಗುತ್ತದೆ ಅನ್ನುವ ನಂಬಿಕೆ. ಅನಾಹುತ ಆದ ಕೂಡಲೇ ಎಲ್ಲರನ್ನೂ ಕೂರಿಸಿ ನಡೆದದ್ದೆಲ್ಲ ಹೇಳಿಸುವುದು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಯಾವತ್ತೋ ಹೇಳಿದೆ. 2011ರ ಅದರ ಕೈಪಿಡಿ ಹೇಳುವುದು ಮೂರೇ: ನೋಡಿ, ಕೇಳಿಸಿಕೊಳ್ಳಿ, ಬೇಕಾದ ನೆರವಿಗೆ ಸೇರಿಸಿ. ಅಂದರೆ, ಊಟ ಆಯ್ತಾ? ಬಿಪಿ ಮಾತ್ರೆ ಮಣ್ಣಿನಡಿ ಹೋಯ್ತಾ? ಅಣ್ಣನ ನಂಬರ್ ನೆನಪಿದೆಯಾ? ಉಳಿದದ್ದು ಅವರಿಗೆ ಬೇಕೆನಿಸಿದಾಗ. ಯಾವತ್ತೂ ಬೇಕೆನಿಸದೆಯೂ ಇರಬಹುದು.

ಗುಟ್ಟಿನ ವಿಷಯ ಮಾತ್ರ ಮೊದಲ ದಿನವೇ ಬಿಡಿಸಿ ಹೇಳುತ್ತೇನೆ. ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದೆ. ಆದರೆ ಜೀವಕ್ಕೆ ಅಪಾಯ ಅನಿಸಿದರೆ ಸುಮ್ನೆ ಕೂರುವುದಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದು ಗೊತ್ತಾದರೆ ಪೋಕ್ಸೊ ಕಾಯ್ದೆ ಪ್ರಕಾರ ತಿಳಿಸಲೇಬೇಕು. ಇದನ್ನು ಅವರು ಬಾಯಿ ಬಿಟ್ಟ ಮೇಲೆ ಹೇಳಿದರೆ ಅದು ಮೋಸ.

ಇನ್ನೊಂದು ಮಾತೂ ಅವತ್ತೇ. "ಕಾರವಾರದ ಭಾನುವಾರದ ಸಂತೆಯಲ್ಲಿ ಸಿಕ್ಕರೆ ನಾನಾಗಿ ಮಾತಾಡಿಸೋದಿಲ್ಲ, ಸೊಕ್ಕು ಅಂದ್ಕೋಬೇಡಿ. ನಿಮಗೆ ಬೇಕಿದ್ರೆ ಮಾತಾಡ್ಸಿ." ಸಂತೆ ತುಂಬ ನೆಂಟರೇ, ಅಲ್ವಾ?

ಕೆಲವೊಮ್ಮೆ ಪುಸ್ತಕದ ನಿಯಮ ಈ ಕರಾವಳಿಗೆ ಹೊಂದುವುದಿಲ್ಲ. ಉಡುಗೊರೆ ತಗೋಬಾರದು ಅನ್ನುತ್ತದೆ. ಒಬ್ಬ ಅಮ್ಮ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಬಂಗಡೆ ತಂದರು. ಕಣ್ಣು ಇನ್ನೂ ಹೊಳೆಯುತ್ತಿತ್ತು, ಕಿವಿರು ಕೆಂಪಗಿತ್ತು. ಬೇಡ ಅಂದಿದ್ದರೆ ಮತ್ತೆ ಬರುತ್ತಿರಲಿಲ್ಲ. ತಗೊಂಡೆ. ನನ್ನ ಮೇಲಿನ ಹಿರಿಯರಿಗೆ ಹೇಳಿಯೂ ಹೇಳಿದೆ. ಅದೇ ಮನೆಯ ಮದುವೆಗೆ ಕರೆದಾಗ ಮಾತ್ರ ಹೋಗಲಿಲ್ಲ. "ಇವರು ಯಾರು?" ಅಂತ ಬೀಗರು ಕೇಳಿದರೆ ಆ ಅಮ್ಮ ಏನು ಹೇಳಬೇಕಿತ್ತು?