ತೂಕ ಹೆಚ್ಚಿದ ಮೇಲೆ ರವಿಕೆಯ ಕಟಿಂಗ್ ತಿದ್ದಿದ ಬಗೆ: ಮಡಿಕೇರಿಯ ಮಳೆಗಾಲದ ಹೊಲಿಗೆ ದಿನಚರಿ

ಜೂನ್ 9

ನನ್ನ ರವಿಕೆಗಳ ಕಾಗದದ ಕಟಿಂಗ್ 2019ರಲ್ಲಿ ಮಾಡಿಕೊಂಡದ್ದು. ಆಗ ಎದೆಯ ಸುತ್ತಳತೆ 36 ಇಂಚು ಇತ್ತು. ಅಲ್ಲಿಂದೀಚೆಗೆ ಹೊಲಿದ ರವಿಕೆಗಳನ್ನೆಲ್ಲ ಅದೇ ಕಾಗದವಿಟ್ಟು ಕತ್ತರಿಸಿದ್ದೇನೆ. ಕಳೆದ ವರ್ಷ ಮೊಣಕಾಲಿನ ನೋವಿನಿಂದ ತೋಟದ ಓಡಾಟ ನಿಂತ ಮೇಲೆ ಮೈತೂಕ 58 ಕೆಜಿಯಿಂದ 68ಕ್ಕೆ ಏರಿತು, ಬೀರುವಿನಲ್ಲಿರುವ ಒಂದು ರವಿಕೆಯೂ ಈಗ ಹುಕ್ಸು ಹಾಕಲು ಬರುವುದಿಲ್ಲ. ಡಿಸೆಂಬರಿನಲ್ಲಿ ತಮ್ಮನ ಮಗಳ ಮದುವೆಯಿದೆ. ಅಂದು ಕೊಡಗಿನ ಪದ್ಧತಿಯಂತೆ ಸೀರೆ ಉಡಬೇಕು, ಅದಕ್ಕೆ ಮುಚ್ಚಿದ ಕತ್ತಿನ, ತುಂಬುತೋಳಿನ ರವಿಕೆಯನ್ನು ನಾನೇ ಹೊಲಿಯಬೇಕೆಂಬುದು ನನ್ನ ಆಸೆ.

ಈ ಉಡುಗೆಯಲ್ಲಿ ನೆರಿಗೆ ಬೆನ್ನಿನ ಕಡೆಗೆ ಹೋಗುತ್ತದೆ. ಸೆರಗು ಎಡಗೈಯ ಕೆಳಗಿನಿಂದ ಎದೆಯ ಮೇಲೆ ಬಂದು ಬಲ ಭುಜದ ಮೇಲೆ ಪಿನ್ನಿನಲ್ಲಿ ನಿಲ್ಲುತ್ತದೆ. ಹೀಗಾಗಿ ಎಡ ಭುಜ ಮತ್ತು ಎಡ ತೋಳು ಪೂರ್ತಿ ಕಣ್ಣಿಗೆ ಬೀಳುತ್ತವೆ, ರೇಷ್ಮೆ ಸೆರಗಿನ ಭಾರವನ್ನು ಬಲ ಭುಜದ ಹೊಲಿಗೆ ಹೊರಬೇಕಾಗುತ್ತದೆ. ಭುಜ ಅರ್ಧ ಇಂಚು ಜಾರಿದರೂ ಪಿನ್ನು ಕತ್ತನ್ನೇ ಎಳೆಯುತ್ತದೆ.

ಜೂನ್ 12

ಬೇರೆ ದಾರಿ ಹುಡುಕುವ ಮೊದಲು ಮಾರ್ಜಿನ್ ಬಿಚ್ಚಿ ನೋಡಿದೆ. ಹಳೆಯ ಹತ್ತಿ ರವಿಕೆಯೊಂದರ ಎರಡೂ ಪಕ್ಕಗಳಲ್ಲಿ ಮುಂಭಾಗಕ್ಕೂ ಬೆನ್ನಿಗೂ ಒಂದೊಂದು ಇಂಚು ಬಟ್ಟೆ ಒಳಗಿತ್ತು. ಅಷ್ಟನ್ನೂ ಬಿಟ್ಟರೆ ಸುತ್ತಳತೆಗೆ ನಾಲ್ಕು ಇಂಚು ಸಿಗುತ್ತದೆ, ಲೆಕ್ಕಕ್ಕೆ ಅದು ಸಾಕು. ಹುಕ್ಸೂ ಬಿದ್ದವು. ಆದರೆ ಕನ್ನಡಿಯ ಮುಂದೆ ನಿಂತಾಗ ಪಕ್ಕದ ಹೊಲಿಗೆ ಕಂಕುಳ ಕೆಳಗೆ ನೇರವಾಗಿ ಇಳಿಯದೆ ಎದೆಯ ಕಡೆಗೆ ಬಾಗಿತ್ತು, ಟಕ್ಸಿನ (ಮೈಯ ಉಬ್ಬಿಗೆ ತಕ್ಕಂತೆ ಬಟ್ಟೆಯನ್ನು ಮಡಚಿ ಹಾಕುವ ಹೊಲಿಗೆಯ) ತುದಿ ಇರಬೇಕಾದ ಜಾಗಕ್ಕಿಂತ ಮೇಲೆ ಕುಳಿತಿತ್ತು, ಕೆಳಗಿನ ಪಟ್ಟಿ ಮುಂದುಗಡೆ ಮಾತ್ರ ಮೇಲಕ್ಕೆ ಏರಿತ್ತು. ಸುತ್ತಳತೆ ಸರಿಹೋದ ಮಾತ್ರಕ್ಕೆ ರವಿಕೆ ಸರಿಹೋಗುವುದಿಲ್ಲ ಎಂಬುದಕ್ಕೆ ಇಷ್ಟು ಸಾಕಾಯಿತು.

ಜೂನ್ 15

ಹೊಸದಾಗಿ ಅಳತೆ ತೆಗೆದೆ. ತನ್ನ ಬೆನ್ನನ್ನು ತಾನೇ ಅಳೆಯಲು ಯಾರಿಂದಲೂ ಆಗುವುದಿಲ್ಲವಾದ್ದರಿಂದ ಪಕ್ಕದ ಮನೆಯ ಅಕ್ಕನನ್ನು ಕರೆದೆ. ನಾನು ಅರಿವಿಲ್ಲದೆಯೇ ಬಿಗಿಹಿಡಿದು ನಿಂತದ್ದನ್ನು ಕಂಡು ಅವರು, "ಉಸಿರು ಬಿಟ್ಟು ಸುಮ್ಮನೆ ನಿಲ್ಲು ಮಾರಾಯ್ತಿ, ಹೊಟ್ಟೆ ಎಳ್ಕೊಂಡ್ರೆ ಹೊಲಿದ ಮೇಲೆ ನಿಂಗೇ ಕಷ್ಟ" ಎಂದರು. ಅವರ ಮಾತಿನಂತೆ ಪ್ರತಿ ಅಳತೆಯನ್ನೂ ಎರಡು ಸಲ ತೆಗೆದೆವು.

ಭುಜದ ಅಗಲ ಆಗಲೂ 14 ಇಂಚು, ಈಗಲೂ 14 ಇಂಚು. ಕತ್ತಿನ ಬುಡದಲ್ಲೂ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ. ಎದೆಯ ಮೇಲ್ಭಾಗ 34ರಿಂದ 35½ಕ್ಕೆ, ಎದೆ 36ರಿಂದ 40ಕ್ಕೆ, ರವಿಕೆಯ ಪಟ್ಟಿ ಕೂರುವ ಜಾಗ 30ರಿಂದ 34ಕ್ಕೆ, ರಟ್ಟೆ 11ರಿಂದ 13ಕ್ಕೆ ಬಂದಿವೆ. ಭುಜದಿಂದ ಟಕ್ಸ್ ಪಾಯಿಂಟಿನವರೆಗಿನ, ಅಂದರೆ ಎದೆಯ ಉಬ್ಬಿನ ತುದಿಯವರೆಗಿನ ಉದ್ದ 9½ ಇದ್ದದ್ದು 10½ ಆಗಿದೆ. ಎಲ್ಲಕ್ಕಿಂತ ಮುಖ್ಯವಾದ ಅಳತೆ ಒಂದಿದೆ, ಅದನ್ನು ನಾನು ಹಿಂದೆ ತೆಗೆದುಕೊಳ್ಳುತ್ತಲೇ ಇರಲಿಲ್ಲ: ಒಂದು ಪಕ್ಕದ ಹೊಲಿಗೆಯಿಂದ ಇನ್ನೊಂದು ಪಕ್ಕದ ಹೊಲಿಗೆಯವರೆಗೆ ಮುಂಭಾಗ ಎಷ್ಟು, ಬೆನ್ನು ಎಷ್ಟು ಎಂಬುದು. ಹಳೆಯ ಕಾಗದದಲ್ಲಿ ಮೈಯಳತೆಗೆ ಹಿಡಿದದ್ದು ಮುಂಭಾಗ 18½, ಬೆನ್ನು 17½. ಈಗ ಮುಂಭಾಗ 21, ಬೆನ್ನು 19. ಹೆಚ್ಚಿದ ನಾಲ್ಕು ಇಂಚಿನಲ್ಲಿ ಎರಡೂವರೆ ಮುಂದಿನದು, ಒಂದೂವರೆ ಹಿಂದಿನದು. ನಾಲ್ಕರಿಂದ ಭಾಗಿಸಿ ಎಲ್ಲೆಡೆ ಒಂದೊಂದು ಇಂಚು ಸೇರಿಸುವ ರೂಢಿಯ ಲೆಕ್ಕ ನನ್ನ ಮೈಗೆ ಏಕೆ ಒಪ್ಪಲಿಲ್ಲವೆಂಬುದು ಇದರಿಂದ ತಿಳಿಯಿತು.

ದೊಡ್ಡ ಅಳತೆಯ ಸಿದ್ಧ ಕಟಿಂಗ್ ತಂದು ಹೊಲಿಯಬಹುದಲ್ಲ ಎಂದು ಮನೆಯಲ್ಲಿ ಕೇಳಿದರು. 40ರ ಕಟಿಂಗಿನಲ್ಲಿ ಎದೆಯ ಜೊತೆಗೆ ಭುಜವೂ ಕತ್ತೂ ದೊಡ್ಡದಾಗಿರುತ್ತವೆ, ನನ್ನ ಮೂಳೆಗಳು ಮಾತ್ರ ಬೆಳೆದಿಲ್ಲ. ಭುಜಕ್ಕೆ ಸರಿಯಾಗಿ ಕೂರುವ ಹಳೆಯ ಕಾಗದವನ್ನೇ ಉಳಿಸಿಕೊಂಡು ಬೆಳೆದ ಜಾಗಗಳಲ್ಲಿ ಮಾತ್ರ ಬಿಡಿಸುವುದೆಂದು ನಿರ್ಧರಿಸಿದೆ.

ಜುಲೈ 2

ಎರಡು ವಾರದಿಂದ ಬಿಡದೆ ಮಳೆ. ಹಳೆಯ ಬ್ರೌನ್ ಪೇಪರ್ ತೇವ ಕುಡಿದು ಅಂಚುಗಳು ಸುರುಳಿಯಾಗಿವೆ, ಒಂದು ಮೂಲೆಯಲ್ಲಿ ಬೂಸಲೂ ಹಿಡಿದಿದೆ. ಇಸ್ತ್ರಿಪೆಟ್ಟಿಗೆಯಿಂದ ಹದವಾಗಿ ಒತ್ತಿ ಚಪ್ಪಟೆ ಮಾಡಿಕೊಂಡು, ಅದರ ಗೆರೆಗಳನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಇಳಿಸಿದೆ. ಆ ನುಣುಪು ಕಾಗದ ಬೇಗ ಮೆತ್ತಗಾಗುವುದಿಲ್ಲ. ಇಲ್ಲಿ ಮಳೆಗಾಲದಲ್ಲಿ ಹೊಲಿಯುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಮುಂಭಾಗದ ಅರ್ಧ ತುಂಡಿನ ಮೇಲೆ ಮೊದಲು ಹೊಸ ಟಕ್ಸ್ ಪಾಯಿಂಟ್ ಗುರುತಿಸಿದೆ. ಕೆಳಗಿನ ಟಕ್ಸಿನ ನಡುವಿನಿಂದ ಆ ಬಿಂದುವಿಗೆ, ಅಲ್ಲಿಂದ ಓರೆಯಾಗಿ ಕಂಕುಳ ಬಾಗಿನ ಕೆಳಗಿನ ಮೂರನೇ ಒಂದು ಭಾಗಕ್ಕೆ ಒಂದು ಗೆರೆ. ಪಕ್ಕದ ಟಕ್ಸಿನ ನಡುವಿನಿಂದ ಅದೇ ಬಿಂದುವಿಗೆ ಇನ್ನೊಂದು ಗೆರೆ. ಮೊದಲ ಗೆರೆಯನ್ನು ಕೆಳಗಿನಿಂದ ಕತ್ತರಿಸುತ್ತ ಹೋಗಿ ಕಂಕುಳ ಅಂಚಿನಲ್ಲಿ ಕೂದಲೆಳೆಯಷ್ಟು ಕಾಗದ ಉಳಿಸಿದೆ, ಬಾಗಿಲಿಗೆ ತಿರುಗಣಿ ಇದ್ದ ಹಾಗೆ. ಎರಡನೆಯದನ್ನು ಪಕ್ಕದಿಂದ ಕತ್ತರಿಸಿ ಬಿಂದುವಿನ ಹತ್ತಿರ ನಿಲ್ಲಿಸಿದೆ. ಆಮೇಲೆ ಟಕ್ಸ್ ಪಾಯಿಂಟಿನಿಂದ ಕೆಳಗೆ ಎರಡು ಅಂಚುಗಳೂ ಸಮಾನಾಂತರವಾಗಿ ಮುಕ್ಕಾಲು ಇಂಚು ದೂರ ಸರಿಯುವಂತೆ ಬಿಡಿಸಿದಾಗ ಪಕ್ಕದ ಟಕ್ಸು ತಾನಾಗಿ ಅಗಲವಾಯಿತು, ಪಕ್ಕದ ಕಡೆಯ ತುಂಡು ಅರ್ಧ ಇಂಚು ಕೆಳಗಿಳಿಯಿತು, ನಡು ಅಂಚಿನ ತುಂಡು ಅಷ್ಟೇ ಗಿಡ್ಡವಾಗಿ ಕಂಡಿತು. ಅದನ್ನೂ ಅಡ್ಡಲಾಗಿ ಕತ್ತರಿಸಿ ಅರ್ಧ ಇಂಚು ಇಳಿಸಿ, ಕೆಳಗಿನ ಅಂಚು ಒಂದೇ ಗೆರೆಗೆ ಬಂದ ಮೇಲೆ ಸಂದುಗಳಿಗೆ ಹಿಂದಿನಿಂದ ಕಾಗದ ಅಂಟಿಸಿದೆ. ಮುಂಭಾಗದ ಅರ್ಧಕ್ಕೆ ಬೇಕಾದದ್ದು ಒಂದೂಕಾಲು ಇಂಚು; ಉಳಿದ ಅರ್ಧ ಇಂಚನ್ನು ಪಕ್ಕದಲ್ಲಿ ಸೇರಿಸಿದೆ. ಪಕ್ಕದ ಟಕ್ಸನ್ನು ಮಡಚಿ ನೋಡಿದಾಗ ಪಕ್ಕದ ಉದ್ದ ಹಿಂದಿನಷ್ಟೇ ಇದ್ದುದರಿಂದ ಬೆನ್ನಿನ ತುಂಡಿನೊಂದಿಗೆ ತಾಳೆಯಾಯಿತು. ಕಾಗದವೊಂದು ಹೀಗೆ ಮೈಯ ಉಬ್ಬಿಗೆ ತಕ್ಕಂತೆ ಬಾಗಿ ನಿಲ್ಲುವುದನ್ನು ಮೊದಲ ಬಾರಿ ಕಂಡಾಗ ನನಗೆ ಆದ ಸಂತೋಷ ದೊಡ್ಡದು.

ಬೆನ್ನಿನ ಕೆಲಸ ಸುಲಭ. ಪಕ್ಕದಲ್ಲಿ ಅರ್ಧ ಇಂಚು ಸೇರಿಸಿ, ಬೆನ್ನಿನ ಟಕ್ಸನ್ನು ಕಾಲು ಇಂಚು ಕಡಿಮೆ ಹಿಡಿದೆ.

ಜುಲೈ 13

ಹಳೆಯ ಪಂಚೆಯಲ್ಲಿ ಮೊದಲ ಪ್ರಯೋಗ ರವಿಕೆ ಹೊಲಿದೆ. ಎದೆ ಚೆನ್ನಾಗಿ ಕೂತಿದೆ, ಪಟ್ಟಿ ಸಮನಾಗಿದೆ, ಪಕ್ಕದ ಹೊಲಿಗೆ ನೇರ ಇಳಿದಿದೆ. ತಪ್ಪಾದದ್ದು ಕಂಕುಳಲ್ಲಿ. ಬಿಗಿಯಾದೀತೆಂಬ ಹೆದರಿಕೆಯಿಂದ ಕಂಕುಳ ಬಾಗನ್ನು ಒಂದು ಇಂಚು ಕೆಳಕ್ಕೆ ಕೊರೆದಿದ್ದೆ. ತೋಳು ಸೇರಿಸಿ ತೊಟ್ಟಾಗ ಅಟ್ಟದ ಮೇಲಿನ ಡಬ್ಬಿಗೆ ಕೈ ಎತ್ತಿದರೆ ಇಡೀ ರವಿಕೆ ಮೇಲೆದ್ದು ಬಂತು. ಕಂಕುಳ ಆಳವಾದಷ್ಟೂ ತೋಳು ಮೈಯ ಬಟ್ಟೆಯನ್ನು ಹೆಚ್ಚು ಎಳೆಯುತ್ತದೆ. ಬಿಗಿತಕ್ಕೆ ಪರಿಹಾರ ಅಗಲದಲ್ಲಿದೆ, ಆ ಅಗಲವನ್ನು ಪಕ್ಕದಲ್ಲಿ ಆಗಲೇ ಕೊಟ್ಟಾಗಿತ್ತು. ಕಾಗದದಲ್ಲಿ ಮುಕ್ಕಾಲು ಇಂಚು ಮತ್ತೆ ಮೇಲಕ್ಕೆ ತಂದು, ಕಾಲು ಇಂಚು ಮಾತ್ರ ಇಳಿಸಿ ಉಳಿಸಿಕೊಂಡೆ.

ಆಗಸ್ಟ್ 3

ಇಂದು ಕಕ್ಕಡ 18, ಕೊಡವರ ಕಕ್ಕಡ ತಿಂಗಳಿನ ಹದಿನೆಂಟನೆಯ ದಿನ. ಈ ದಿನ ತಿನ್ನುವ ಔಷಧೀಯ ಸೊಪ್ಪಾದ ಮದ್ದುಸೊಪ್ಪಿನ ಪಾಯಸ ಮನೆಯಲ್ಲಿ ಆಯಿತು. ಆ ಸೊಪ್ಪಿನ ನೇರಳೆ ಬಣ್ಣ ಬಿಳಿಯ ಪಂಚೆಗೆ ಸೋಕದಿರಲೆಂದು ಬಟ್ಟೆಯನ್ನೆಲ್ಲ ಒಳಕೋಣೆಯಲ್ಲಿಟ್ಟು, ಮಧ್ಯಾಹ್ನದ ಮೇಲೆ ತೋಳಿಗೆ ಕುಳಿತೆ.

ರಟ್ಟೆಯ ಬಳಿ ಎರಡು ಇಂಚು ಬೇಕು, ಮಣಿಕಟ್ಟಿನಲ್ಲಿ ಏನೂ ಬೇಡ. ತೋಳಿನ ತುಂಡನ್ನು ನಡುವಿನಲ್ಲಿ ಉದ್ದಕ್ಕೂ, ಕಂಕುಳ ಮಟ್ಟದಲ್ಲಿ ಅಡ್ಡಕ್ಕೂ ಕತ್ತರಿಸಿ, ನಾಲ್ಕು ತುದಿಗಳಲ್ಲೂ ಚೂರು ಕಾಗದ ಉಳಿಸಿ, ಎರಡೂ ಪಕ್ಕಗಳನ್ನು ಹೊರಕ್ಕೆ ಎಳೆದೆ. ನಡುವಿನಲ್ಲಿ ಎರಡಿಂಚಿನ ಸಂದು ತೆರೆಯಿತು, ಅಡ್ಡ ಗೆರೆಯ ಅಂಚುಗಳು ಒಂದರ ಮೇಲೊಂದು ಏರಿ ತೋಳಿನ ತಲೆ (ಭುಜಕ್ಕೆ ಸೇರುವ ಮೇಲಿನ ಬಾಗು) ಗಿಡ್ಡವಾಯಿತು. ಹಳೆಯ ಎತ್ತರಕ್ಕೇ ಬಾಗನ್ನು ಮತ್ತೆ ಬರೆದು, ಟೇಪನ್ನು ನಿಲ್ಲಿಸಿ ಹಿಡಿದು ಗೆರೆಯ ಮೇಲೆ ಸಾಗಿಸಿ ಅಳೆದೆ: ತೋಳಿನ ಬಾಗು 18¼, ರವಿಕೆಯ ಕಂಕುಳ ಸುತ್ತು 17. ಒಂದೂಕಾಲು ಇಂಚನ್ನು ರೇಷ್ಮೆಯಲ್ಲಿ ಸುಕ್ಕಿಲ್ಲದೆ ಅಡಗಿಸುವುದು ನನ್ನಿಂದ ಆಗದ ಕೆಲಸ. ತಲೆಯ ಎತ್ತರವನ್ನು ಸ್ವಲ್ಪ ಸ್ವಲ್ಪವಾಗಿ ತಗ್ಗಿಸುತ್ತ 17½ಕ್ಕೆ ತಂದೆ. ಉಳಿದ ಅರ್ಧ ಇಂಚನ್ನು ಭುಜದ ಹೊಲಿಗೆಯ ಎರಡೂ ಬದಿಗೆ ಕೈಯಲ್ಲಿ ನೂಲೋಡಿಸಿ ಹಂಚುವುದು.

ಆಗಸ್ಟ್ 20

ಎರಡನೆಯ ಪ್ರಯೋಗ ರವಿಕೆ ತೊಟ್ಟು, ಅದರ ಮೇಲೆ ಮದುವೆಯ ಸೀರೆಯನ್ನೇ ಉಟ್ಟು ಬಲ ಭುಜಕ್ಕೆ ಪಿನ್ನು ಹಾಕಿ ಒಂದು ಗಂಟೆ ಮನೆಗೆಲಸ ಮಾಡಿದೆ. ಭುಜ ಜಾರಲಿಲ್ಲ. ಅಟ್ಟದ ಡಬ್ಬಿ ಇಳಿಸಿದಾಗ ಪಟ್ಟಿ ಹೆಚ್ಚೆಂದರೆ ಅರ್ಧ ಇಂಚು ಎದ್ದಿರಬೇಕು. ಟಕ್ಸಿನ ತುದಿಗಳು ಮಾತ್ರ ಚೂಪಾಗಿ ಕಂಡದ್ದರಿಂದ ಅವನ್ನು ಪಾಯಿಂಟಿಗಿಂತ ಒಂದೂಕಾಲು ಇಂಚು ಮೊದಲೇ ನಿಲ್ಲಿಸುವುದೆಂದು ಕಾಗದದ ಮೇಲೆ ಬರೆದಿಟ್ಟೆ.

ಲೈನಿಂಗಿನ ಹತ್ತಿ ಬಟ್ಟೆಯನ್ನು ನೀರಿಗೆ ಹಾಕಿ ಮೂರು ದಿನವಾಯಿತು, ಇನ್ನೂ ಒಣಗಿಲ್ಲ. ಮೊದಲೇ ನೆನೆಸಿ ಕುಗ್ಗಿಸದಿದ್ದರೆ ಮೊದಲ ಒಗೆತದಲ್ಲೇ ಲೈನಿಂಗ್ ಒಳಗಿನಿಂದ ರೇಷ್ಮೆಯನ್ನು ಎಳೆಯುತ್ತದೆ, ಆದ್ದರಿಂದ ಕಾಯುತ್ತಿದ್ದೇನೆ. ಹೊಸ ತುಂಡುಗಳ ಮೇಲೆ ದಿನಾಂಕ, ಅಳತೆ, ತೂಕ ಮೂರನ್ನೂ ಬರೆದು, ಹಳೆಯ 36ರ ಕಾಗದವನ್ನು ಅದೇ ಕವರಿನಲ್ಲಿ ಜೊತೆಗಿಟ್ಟಿದ್ದೇನೆ. ಈ ಸಲ ಪಕ್ಕದಲ್ಲಿ ಒಂದೂವರೆ ಇಂಚು ಮಾರ್ಜಿನ್ ಬಿಡುತ್ತೇನೆ. ಲೈನಿಂಗ್ ಒಣಗಿದ ದಿನ ರೇಷ್ಮೆಗೆ ಕತ್ತರಿ ಹಾಕುವುದು.