ಗಿಡ್ಡ ದನದೊಳಗೆ ಹಾವಿನ ಜಾಡು

ಬದಿಯಡ್ಕದ ನಮ್ಮ ಮನೆಯ ಹಟ್ಟಿಯಲ್ಲಿ ಕಾಸರಗೋಡು ಗಿಡ್ಡ ತಳಿಯ ದನವೊಂದಿದೆ. ಅದರ ಕಿವಿಯ ಹಿಂಬದಿಯಿಂದ ಉಣ್ಣಿ ಹೆಕ್ಕುವಾಗಲೆಲ್ಲ ನನಗೆ ಬೋವ್-ಬಿ ಎಂಬ ಡಿಎನ್‌ಎ ತುಣುಕು ನೆನಪಾಗುತ್ತದೆ.

ಜೀನೋಮಿನಲ್ಲಿ, ಅಂದರೆ ಜೀವಿಯ ಇಡೀ ಡಿಎನ್‌ಎಯಲ್ಲಿ, ಜಾಗ ಬದಲಿಸುವ ತುಣುಕುಗಳಿವೆಯೆಂದು ಅಮೆರಿಕದ ವಿಜ್ಞಾನಿ ಬಾರ್ಬರಾ ಮೆಕ್ಲಿಂಟಾಕ್ 1940ರ ದಶಕದಲ್ಲಿ ಮೆಕ್ಕೆಜೋಳದ ಕಾಳುಗಳ ಬಣ್ಣದ ಚುಕ್ಕೆಗಳನ್ನು ನೋಡಿ ಕಂಡುಕೊಂಡರು. ನೊಬೆಲ್ ಸಂದದ್ದು 1983ರಲ್ಲಿ. ಮನುಷ್ಯನ ಜೀನೋಮಿನಲ್ಲಿ 10 ಲಕ್ಷಕ್ಕೂ ಮಿಕ್ಕಿ ಪ್ರತಿಗಳಿರುವ, ಇಂಥದ್ದೇ ಆದ ಆಲು ಎಂಬ ತುಣುಕಿನ ಮೂಲವನ್ನು ಹುಡುಕಿದವರು ಕೊನೆಗೆ ಮುಟ್ಟಿದ್ದು ಪ್ರೋಟೀನುಗಳ ಸಾಗಾಟಕ್ಕೆ ನೆರವಾಗುವ, ಜೀವಕೋಶದ್ದೇ ಆದ 7ಎಸ್‌ಎಲ್ ಎಂಬ ಆರ್‌ಎನ್‌ಎಯ ಜೀನನ್ನು. ಅದು ಮನೆಯೊಳಗಿನ ಹುಟ್ಟು.

ಬೋವ್-ಬಿಯೂ ಜಾಗ ಬದಲಿಸುವ ತುಣುಕೇ, ಆದರೆ ಅದರ ಕಥೆ ಹಾಗಲ್ಲ. ದನ, ಕುರಿಗಳ ಜೀನೋಮಿನಲ್ಲಿ ಹೇರಳವಾಗಿರುವ ಇದು ಮನುಷ್ಯನಲ್ಲಿಲ್ಲ. ಆದರೆ ಹಾವು, ಹಲ್ಲಿಗಳಲ್ಲಿದೆ. ಸರೀಸೃಪಗಳ ಮತ್ತು ಸಸ್ತನಿಗಳ ವಂಶಗಳು ಕವಲೊಡೆದು 30 ಕೋಟಿ ವರ್ಷಗಳೇ ಕಳೆದಿರುವುದರಿಂದ, ವಂಶಪಾರಂಪರ್ಯವಾಗಿಯೇ ಬಂದಿದ್ದರೆ ಎರಡೂ ಕಡೆಯ ಪ್ರತಿಗಳು ಗುರುತು ಸಿಗದಷ್ಟು ಬೇರೆಯಾಗಿರಬೇಕಿತ್ತು. ಹಾಗಾಗಿಲ್ಲ. ತುಣುಕಿನ ವಂಶವೃಕ್ಷವನ್ನು ಪ್ರಾಣಿಗಳ ವಂಶವೃಕ್ಷದ ಪಕ್ಕದಲ್ಲಿಟ್ಟರೆ ಕೊಂಬೆಗಳು ಹೊಂದಿಕೊಳ್ಳುವುದಿಲ್ಲ. ಈ ಹೊಂದದಿರುವಿಕೆಯೇ ಅದು ಒಂದು ಜೀವಿಯಿಂದ ಮತ್ತೊಂದಕ್ಕೆ ಅಡ್ಡಹಾಯ್ದು ಬಂದಿದೆ ಎಂಬುದಕ್ಕೆ ನನ್ನ ಮಟ್ಟಿಗೆ ಅತ್ಯಂತ ಬಲವಾದ ಸಾಕ್ಷಿ.

ದಾಟಿಸಿದವರು ಯಾರು? ಸರೀಸೃಪಗಳ ರಕ್ತ ಹೀರುವ ಉಣ್ಣಿಗಳಲ್ಲೂ ಬೋವ್-ಬಿ ಸಿಕ್ಕಿರುವುದರಿಂದ ವಿಜ್ಞಾನಿಗಳ ಸಂಶಯ ಅವುಗಳ ಮೇಲಿದೆ. ಆದರೆ ರಕ್ತಕ್ಕೆ ಸೇರಿದರಷ್ಟೇ ಸಾಲದು, ಮುಂದಿನ ಪೀಳಿಗೆಗೆ ಹೋಗುವ ಅಂಡ ಅಥವಾ ವೀರ್ಯದ ಕೋಶಕ್ಕೇ ತುಣುಕು ತಲುಪಬೇಕು. ಬೆರಳತುದಿಯ ಉಣ್ಣಿಯನ್ನು ಈಗ ನಾನು ಸ್ವಲ್ಪ ಹೊತ್ತು ನೋಡಿಯೇ ಬಿಸಾಡುತ್ತೇನೆ.