ನಾಯ್ಸ್ ಬುಟ್ಟಿಯಲ್ಲಿ ಸಿಕ್ಕ ಬಡಿತಗಳು

ತಳಿ ತಪಾಸಣೆಗೆ ಬರುವ ನಾಯಿಗಳಿಗೆ ನಮ್ಮಲ್ಲಿ ಕೊಡುವ ಪ್ರಮಾಣಪತ್ರದಲ್ಲಿ ಹೃದಯಕ್ಕೆ ಮೀಸಲಾಗಿರುವುದು ಒಂದೇ ಖಾನೆ. ಕ್ಯಾವಲಿಯರ್‌ನಲ್ಲಿ ಮೈಟ್ರಲ್ ಮರ್ಮರಕ್ಕೆ, ಅಂದರೆ ಮೈಟ್ರಲ್ ಕವಾಟ ಸೋರುವ ಸದ್ದಿಗೆ, ಕಿವಿಗೊಡಬೇಕು, ಬಾಕ್ಸರ್‌ನಲ್ಲಿ ಮಹಾಪಧಮನಿಯ ರಕ್ತವೇಗದ ಜೊತೆಗೆ ಲಯವನ್ನೂ ನೋಡಬೇಕು, ಡಾಬರ್‌ಮನ್ ಆದರೆ ಎಕೋ (ಹೃದಯದ ಅಲ್ಟ್ರಾಸೌಂಡ್) ಮತ್ತು ಹೋಲ್ಟರ್ (24 ಗಂಟೆ ಮೈಮೇಲಿದ್ದು ಇಸಿಜಿ ದಾಖಲಿಸುವ ಪುಟ್ಟ ಯಂತ್ರ) ಎರಡೂ ಮುಗಿಯುವ ತನಕ ಬಾಯಿ ಬಿಡಬಾರದು. ಹಾಳೆ ಮಾತ್ರ ಎಲ್ಲ ತಳಿಗಳಿಗೂ ಒಂದೇ, ಮತ್ತು ಅದರಲ್ಲಿ ‘ನಾರ್ಮಲ್’, ‘ನಾರ್ಮಲ್ ಅಲ್ಲ’ ಎಂಬ ಎರಡು ಉತ್ತರಗಳಿಗಷ್ಟೇ ಜಾಗವಿದೆ. ಇದನ್ನು ಬದಲಿಸಿ ಎಂದಾಗಲೆಲ್ಲ ಆಡಳಿತದವರು ಮುದ್ರಣದ ಖರ್ಚಿನ ಮಾತೆತ್ತುತ್ತಾರೆ.

ಈ ಗೊಣಗಾಟ ಜಗಳಕ್ಕೆ ತಿರುಗಿದ್ದು ನಾಲ್ಕು ವರ್ಷದ ಒಂದು ಗಂಡು ಡಾಬರ್‌ಮನ್‌ನಿಂದ. ಅದರ ಯಜಮಾನಿ ಕಾಳಜಿಯ ಬ್ರೀಡರ್. ನಾಯಿಗೆ ಮೂರು ತುಂಬಿದ ವರ್ಷವೇ ಮೊದಲ ತಪಾಸಣೆ ಮಾಡಿಸಿದ್ದರು, ಡಿಸಿಎಂಗೆ, ಅಂದರೆ ಹೃದಯದ ಕೆಳಕೋಣೆ (ಹೃತ್ಕುಕ್ಷಿ) ಹಿಗ್ಗಿ ದುರ್ಬಲವಾಗುವ ರೋಗಕ್ಕೆ, ಸಂಬಂಧಿಸಿದ ಪಿಡಿಕೆ4 ಮತ್ತು ಟೈಟಿನ್ ಜೀನ್ ಪರೀಕ್ಷೆಗಳೆರಡೂ ನೆಗೆಟಿವ್ ಬಂದಿದ್ದವು. ಈ ಸಲ ಜೋಡಿ ಮಾಡಬೇಕಿದ್ದ ಹೆಣ್ಣುನಾಯಿಯ ಪ್ರೊಜೆಸ್ಟೆರಾನ್ ಆಗಲೇ ಏರತೊಡಗಿತ್ತು, ಎಂದರೆ ಜೋಡಿಯ ದಿನ ಹತ್ತಿರವಾಗಿತ್ತು. ಎಕೋದಲ್ಲಿ ಸಿಂಪ್ಸನ್ ಅಳತೆಗಳು, ಅಂದರೆ ಹೃತ್ಕುಕ್ಷಿಯ ಗಾತ್ರದ ಲೆಕ್ಕ, ಹಿಗ್ಗಿದೆ ಎನ್ನುವ ಮಿತಿಗಿಂತ ಬಹಳ ಕೆಳಗಿದ್ದವು. ಐದು ನಿಮಿಷದ ಇಸಿಜಿಯಲ್ಲಿ ಒಂದು ವಿಪಿಸಿಯೂ (ಹೃತ್ಕುಕ್ಷಿಯಿಂದ ಅವಧಿಗೆ ಮುಂಚೆಯೇ ಹೊರಡುವ ತಪ್ಪು ಬಡಿತ) ಇರಲಿಲ್ಲ. ಹೋಲ್ಟರ್ ವರದಿ ಬರುವುದಕ್ಕೆ ಮೊದಲೇ ಹಾಳೆಯನ್ನು ಕೊಟ್ಟುಬಿಡಬಹುದಲ್ಲವೇ ಎಂದು ಅವರು ಕೇಳಿದರು. ಹೋಲ್ಟರ್‌ಗೆ ಹೇಗೂ ಬೇರೆ ಬಿಲ್ ಇದೆ ಎಂಬ ವಿಚಿತ್ರ ತರ್ಕದಿಂದ ನಮ್ಮ ಮ್ಯಾನೇಜರ್ ಅದಕ್ಕೆ ತಲೆಯಾಡಿಸಿದರು. ಡಾಕ್ಟರ್ ಒಪ್ಪಲಿಲ್ಲ. ಇಷ್ಟು ಚೊಕ್ಕಟವಾದ ಹೃದಯದಲ್ಲಿ ಹೋಲ್ಟರ್ ಹೊಸದೇನನ್ನೂ ಹೇಳಲಾರದು ಎಂದೇ ನನ್ನ ಎಣಿಕೆಯಾಗಿತ್ತು.

ಮರುದಿನ ಸಂಜೆ ಹೋಲ್ಟರ್ ಇದ್ದ ವೆಸ್ಟ್ ವಾಪಸಾಗಿ, ಕಾರ್ಡ್ ಇಳಿಸಿದಾಗ ಸಾಫ್ಟ್‌ವೇರ್ ತಾನಾಗಿ ಕೊಟ್ಟ ಲೆಕ್ಕ ಒಂಬತ್ತು ವಿಪಿಸಿ. ಸ್ವಾಗತ ಕೌಂಟರಿನಿಂದ ಆಗಲೇ ಎರಡು ಕರೆ ಬಂದಿದ್ದವು. ಎಡಿಟಿಂಗ್ ಮುಗಿಸದೆ ಪ್ರಿಂಟ್ ಕೊಡುವ ಪದ್ಧತಿ ನಮ್ಮಲ್ಲಿಲ್ಲದ ಕಾರಣ ನಾಯ್ಸ್ ಬುಟ್ಟಿಯನ್ನು, ಅಂದರೆ ಸಾಫ್ಟ್‌ವೇರ್ ಗದ್ದಲವೆಂದು ಬದಿಗಿಟ್ಟ ತುಣುಕುಗಳ ಪಟ್ಟಿಯನ್ನು, ತೆರೆದೆ. ನಾಯಿ ಮೈ ಕೆರೆದುಕೊಂಡ, ಮೆಟ್ಟಿಲು ಹತ್ತಿದ ಗದ್ದಲವೆಲ್ಲ ಹಗಲಿನ ಗಂಟೆಗಳಲ್ಲಿ ಬೀಳುವುದು ಸಹಜ. ಇಲ್ಲಿ ಬುಟ್ಟಿಯ ದೊಡ್ಡ ಪಾಲು ಬೆಳಗಿನ ಜಾವದ್ದಾಗಿತ್ತು, ಯಜಮಾನಿಯ ಡೈರಿಯಲ್ಲಿ ಆ ಹೊತ್ತಿಗೆ ‘ನಿದ್ದೆ’ ಎಂದಿತ್ತು.

ಗದ್ದಲವಾಗಿದ್ದರೆ ಗೆರೆ ಎಷ್ಟೇ ಕುಣಿದರೂ ಅದರ ಅಡಿಯಲ್ಲಿ ಸಹಜ ಬಡಿತಗಳು ತಮ್ಮ ಅಂತರ ತಪ್ಪದೆ ಸಾಗುತ್ತಿರುತ್ತವೆ. ನಾನು ದೊಡ್ಡದು ಮಾಡಿ ನೋಡಿದ ಮೊದಲ ಪಟ್ಟಿಯಲ್ಲಿ ಹಾಗಿರಲಿಲ್ಲ. ಅವಧಿಗೆ ಮುಂಚೆ ಬಂದ ಬಡಿತದ ಅಗಲವಾದ ಗೆರೆ, ಅದರ ಬೆನ್ನಿಗೆ ತಲೆಕೆಳಗಾದ ಟಿ ಅಲೆ, ಆಮೇಲೊಂದು ವಿರಾಮ; ಉಳಿದ ಚಾನೆಲ್‌ಗಳಲ್ಲೂ ಅದೇ ಕ್ಷಣದಲ್ಲಿ ಅದೇ ಚಿತ್ರ. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಒಂದೊಂದನ್ನಾಗಿ ಎತ್ತಿ ವಿಪಿಸಿ ಬುಟ್ಟಿಗೆ ಹಾಕುತ್ತಾ ಹೋದಂತೆ ಎಣಿಕೆ ಐವತ್ತರ ಹತ್ತಿರ ಬಂದಾಗ ಕೈ ನಿಧಾನವಾಯಿತು. ಐವತ್ತರ ಆಚೆ ಹೋದರೆ ಯಜಮಾನಿಗೆ ಹೇಳಬೇಕಾದ ಮಾತೇ ಬೇರೆಯಾಗುತ್ತದೆ ಎಂಬುದು ಗೊತ್ತಿದ್ದರಿಂದ, ಅನುಮಾನವಿರುವ ಪ್ರತಿ ಬಡಿತವನ್ನೂ ಗದ್ದಲವೆಂದೇ ತೀರ್ಮಾನಿಸುವ ಆಸೆ ನನ್ನೊಳಗೆ ಹುಟ್ಟಿತ್ತು, ಅದನ್ನು ಗಮನಿಸಿದ್ದೇ ಆ ಸಂಜೆಯ ಅತಿ ಅಹಿತಕರ ಅನುಭವ. ಫೋನ್ ಮತ್ತೆ ರಿಂಗಾಯಿತು, ಎತ್ತಲಿಲ್ಲ. ಕೊನೆಯ ಲೆಕ್ಕ 138, ಜೊತೆಗೆ ಎರಡು ಕಪ್ಲೆಟ್ (ಬೆನ್ನುಬೆನ್ನಿಗೆ ಬಂದ ವಿಪಿಸಿ ಜೋಡಿ). ಡಾಕ್ಟರ್ ಇಡೀ ದಾಖಲೆಯನ್ನು ಮತ್ತೆ ನೋಡಿ ಅದೇ ಸಂಖ್ಯೆಗೆ ಸಹಿ ಹಾಕಿದರು.

ಡಾಬರ್‌ಮನ್‌ಗಳಿಗೆಂದೇ 2017ರಲ್ಲಿ ಬಂದ ಯುರೋಪಿನ ಮಾರ್ಗಸೂಚಿಯ ಪ್ರಕಾರ 24 ಗಂಟೆಗಳಲ್ಲಿ 300 ದಾಟಿದರೆ ಡಿಸಿಎಂ ಎಂದೇ ಅರ್ಥ. 50ರಿಂದ 300ರ ನಡುವೆ ಇದ್ದರೆ ಅನುಮಾನ, ಮತ್ತು ವರ್ಷದೊಳಗೆ ಎರಡು ಸಲ ಹಾಗೆ ಕಂಡರೆ ಅದೂ ರೋಗನಿರ್ಣಯವೇ. ಹೃತ್ಕುಕ್ಷಿ ಹಿಗ್ಗುವುದಕ್ಕೆ ಬಹಳ ಮೊದಲೇ ಲಯ ಕೆಡುವ ನಾಯಿಗಳು ಈ ತಳಿಯಲ್ಲಿ ಅಪರೂಪವಲ್ಲ, ಅವುಗಳಲ್ಲಿ ಕೆಲವು ಯಾವ ಮುನ್ಸೂಚನೆಯೂ ಇಲ್ಲದೆ ಕುಸಿದು ಸಾಯುತ್ತವೆ. ಜೀನ್ ಪರೀಕ್ಷೆಯ ನೆಗೆಟಿವ್ ಫಲಿತಾಂಶ ಅದಕ್ಕೆ ರಕ್ಷಣೆಯಲ್ಲ. ‘ಅನುಮಾನ’ ಎಂದು ಬರೆಯಲು ನಮ್ಮ ಹಾಳೆಯಲ್ಲಿ ಜಾಗವಿಲ್ಲದ್ದರಿಂದ ಡಾಕ್ಟರ್ ಖಾನೆಯನ್ನು ಖಾಲಿ ಬಿಟ್ಟು ಅಂಚಿನಲ್ಲಿ ಕೈಬರಹದಲ್ಲಿ ಬರೆದರು. ಅದಕ್ಕೆ ಮ್ಯಾನೇಜರ್ ಆಕ್ಷೇಪಿಸಿದ್ದು ಹಾಳೆ ಅಂದಗೆಟ್ಟಿತು ಎಂಬ ಕಾರಣಕ್ಕೆ.

ಯಜಮಾನಿ ಜೋಡಿಯನ್ನು ರದ್ದು ಮಾಡುವ ಬಗ್ಗೆ ಹೆಚ್ಚು ಚರ್ಚಿಸಲಿಲ್ಲ. ಅವರು ಕೇಳಿದ್ದು ನಮ್ಮಲ್ಲಿ ಯಾರಿಗೂ ಹೊಳೆದಿರದ ಪ್ರಶ್ನೆ: ಹಿಂದಿನ ವರ್ಷ ಈ ಗಂಡಿನಿಂದ ಹುಟ್ಟಿದ ಮರಿಗಳ ಮನೆಯವರಿಗೆ ಈಗಲೇ ತಿಳಿಸಬೇಕೇ, ಎರಡನೆಯ ಹೋಲ್ಟರ್ ತನಕ ಕಾಯಬೇಕೇ? ಡಾಕ್ಟರ್ ಈಗಲೇ ಎಂದರು. ಸಂಖ್ಯೆಯನ್ನೂ ತಾರೀಖನ್ನೂ ಮರೆಮಾಚದೆ ಬರೆಯಿರಿ, ಮರಿಗಳಿಗೆ ಮೂರು ತುಂಬಿದಾಗಿನಿಂದ ಪ್ರತಿ ವರ್ಷ ಎಕೋ ಮತ್ತು ಹೋಲ್ಟರ್ ಮಾಡಿಸಿ, ಅದಕ್ಕೆ ಮುಂಚೆ ಅವುಗಳಿಂದ ತಳಿ ತೆಗೆಯಬೇಡಿ ಎಂದೂ ಸೇರಿಸಿದರು. ಪತ್ರದ ಕರಡನ್ನು ಯಜಮಾನಿ ನಮ್ಮ ಕೋಣೆಯಲ್ಲೇ ಕುಳಿತು ಬರೆದು, ವಿಪಿಸಿ ಎಂದರೇನು ಎಂಬ ಸಾಲನ್ನು ನನ್ನಿಂದ ಎರಡು ಬಾರಿ ತಿದ್ದಿಸಿಕೊಂಡು ಹೋದರು.